ಎರಡನೆಯ ಅಕ್ಷರದ ಹನ್ನೆರಡು ಶತಮಾನ

‘ಕೆಟ್ಟು ಪಟ್ಟಣ ಸೇರು.’ ‘ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.’ ಇಂಥ ಗಾದೆಗಳು ಒಮ್ಮೆ ಕಿವಿಗೆ ಬಿದ್ದರೆ ಸಾಕು, ನಾಲಿಗೆಯ ಮೇಲೆ ಉಳಿದುಬಿಡುತ್ತವೆ. ಕೆಟ್ಟು–ಪಟ್ಟಣ, ಅಟ್ಟ–ಕೆಟ್ಟ ಎಂದು ಎರಡನೆಯ ಅಕ್ಷರ ಮರಳಿ ಮರಳಿ ಮೊಳಗುತ್ತದಲ್ಲ, ಅದೇ ಆದಿಪ್ರಾಸ. ಕನ್ನಡ ಕಾವ್ಯವನ್ನು ಇದರಷ್ಟು ಕಾಲ ಆಳಿದ ಶಬ್ದಾಲಂಕಾರ ಇನ್ನೊಂದಿಲ್ಲ.

ಬಾದಾಮಿಯ ಬಂಡೆಯಲ್ಲಿ ಕ್ರಿ.ಶ. 700ರ ಸುಮಾರಿಗೆ ಕೊರೆದ ಕಪ್ಪೆ ಅರಭಟ್ಟನ ಶಾಸನವಿದೆ. ಅಲ್ಲಿನ ಪ್ರಸಿದ್ಧ ತ್ರಿಪದಿಯ ಮೂರೂ ಸಾಲುಗಳಲ್ಲಿ ಎರಡನೆಯ ಅಕ್ಷರ ಧಕಾರ, ಅದರ ಹಿಂದೆ ದೀರ್ಘ ‘ಆ’. ಸಂಸ್ಕೃತದಲ್ಲಿ ಇಂಥ ಕಟ್ಟುಪಾಡಿಲ್ಲ. ತಮಿಳಿನ ‘ಎದುಕೈ’, ತೆಲುಗಿನ ಪ್ರಾಸ ಇದರ ಒಡಹುಟ್ಟುಗಳು. ಸಂಸ್ಕೃತದ ವೃತ್ತಗಳನ್ನು ತಂದುಕೊಂಡಾಗಲೂ ನಮ್ಮ ಕವಿಗಳು ಯತಿಯನ್ನು, ಅಂದರೆ ಸಾಲಿನ ನಡುವಿನ ನಿಲುಗಡೆಯನ್ನು, ಬಿಟ್ಟರು, ಪ್ರಾಸವನ್ನು ಬಿಡಲಿಲ್ಲ. 850ರ ಸುಮಾರಿನ ‘ಕವಿರಾಜಮಾರ್ಗ’ವೇ ಈ ಒಲವನ್ನು ಗುರುತಿಸಿದೆ.

990ರ ಸುಮಾರಿಗೆ ನಾಗವರ್ಮನ ‘ಛಂದೋಂಬುಧಿ’ ಪ್ರಾಸವನ್ನು ಆರು ಬಗೆಯಾಗಿ ವಿಂಗಡಿಸಿತು. ಪ್ರಾಸಾಕ್ಷರದ ಹಿಂದೆ ಹ್ರಸ್ವವಿದ್ದರೆ ಸಿಂಹ, ದೀರ್ಘವಿದ್ದರೆ ಗಜ, ಅನುಸ್ವಾರವಿದ್ದರೆ ವೃಷಭ, ವಿಸರ್ಗವಿದ್ದರೆ ಅಜ. ವಿಜಾತೀಯ ಒತ್ತಕ್ಷರಕ್ಕೆ ಶರಭ, ಸಜಾತೀಯ ಒತ್ತಕ್ಷರಕ್ಕೆ ಹಯ.

ಕಿವಿಯ ಸುಖಕ್ಕೆ ಹುಟ್ಟಿದ್ದು ಹೀಗೆ ಶಾಸ್ತ್ರವಾಯಿತು, ಶಾಸ್ತ್ರ ಕಡ್ಡಾಯವಾಯಿತು. ಆರು ಸಾಲಿನ ಷಟ್ಪದಿ ಬರೆಯುವ ಕವಿಯ ಕಷ್ಟವನ್ನು ನೆನೆಯಿರಿ. ಮೊದಲ ಸಾಲು ‘ಲಕ್ಷ್ಮಣ’ ಎಂದು ಶುರುವಾದರೆ ಎರಡನೆಯ ಸ್ಥಾನದಲ್ಲಿ ‘ಕ್ಷ್ಮ’ ಬರುವ ಇನ್ನೂ ಐದು ಪದಗಳನ್ನು ಎಲ್ಲಿಂದ ತರುವುದು? ಅದೇ ‘ಸೌಮಿತ್ರಿ’ ಎಂದರೆ ಭೂಮಿ, ನೇಮ, ಕಾಮ, ಧಾಮ ಎಂದು ಪದಗಳು ಒದಗಿಬರುತ್ತವೆ. ವ್ಯಂಜನ ಒಂದೇ ಆದರೆ ಸಾಕು, ಮುಂದಿನ ಸ್ವರ ಬೇರೆಯಾಗಬಹುದು. ಕುಮಾರವ್ಯಾಸನಂಥವನ ಕೈಯಲ್ಲಿ ಈ ಕಟ್ಟು ಕಥನಕ್ಕೆ ವೇಗವನ್ನೇ ಕೊಟ್ಟಿತು. ಪ್ರತಿಭೆ ಕಡಿಮೆಯಿದ್ದವರು ಮಾತ್ರ ಪ್ರಾಸಕ್ಕಾಗಿ ಪದ, ಪದಕ್ಕಾಗಿ ಅರ್ಥ ಹುಡುಕುತ್ತ ಹೋದರು. 12ನೇ ಶತಮಾನದ ವಚನಕಾರರು ಈ ಕಟ್ಟಿನ ಹೊರಗೇ ನಿಂತು ಮಾತನಾಡಿದ್ದರು. ಪದ್ಯದೊಳಗೆ ಅದು ಸಡಿಲಲು ಇನ್ನೂ ಶತಮಾನಗಳು ಬೇಕಾದವು.

ಆ ಧೈರ್ಯ ತೋರಿದವರು ಮಂಜೇಶ್ವರದ ಗೋವಿಂದ ಪೈ. 1911ರಲ್ಲಿ ಅವರು ಆದಿಪ್ರಾಸವನ್ನು ಕೈಬಿಟ್ಟು ಪದ್ಯ ಬರೆದಾಗ ಪಂಡಿತರು ಮುನಿದರು. ಪ್ರಾಸವಿಲ್ಲದ್ದು ಪದ್ಯವೇ ಎಂಬ ಚರ್ಚೆ ಬಿಸಿಯೇರಿತು. ಪೈ ಹಿಂಜರಿಯಲಿಲ್ಲ. ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ ಹೊಸ ಲಯಗಳಿಗೆ ದಾರಿ ಮಾಡಿತು. 1949ರ ಹೊತ್ತಿಗೆ ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ನಂಥ ಮಹಾಕಾವ್ಯವನ್ನೇ ಪ್ರಾಸದ ಹಂಗಿಲ್ಲದೆ ಪ್ರಕಟಿಸಿದ್ದರು.

ಹಾಗೆಂದು ಆದಿಪ್ರಾಸ ಸಾಯಲಿಲ್ಲ. 1943ರಲ್ಲಿ ಬಂದ ಡಿವಿಜಿಯವರ ‘ಮಂಕುತಿಮ್ಮನ ಕಗ್ಗ’ದ ಪದ್ಯಗಳನ್ನು ಗಮನಿಸಿ: ನಾಲ್ಕೂ ಸಾಲುಗಳ ಎರಡನೆಯ ಅಕ್ಷರ ಕೈಕೈ ಹಿಡಿದು ನಡೆಯುತ್ತದೆ. ಜನ ಕಗ್ಗವನ್ನು ಬಾಯಿಪಾಠವಾಗಿ ಹೇಳುವುದರಲ್ಲಿ ಆ ಅಕ್ಷರದ ಪಾಲೂ ಇದೆ. ಯಾರ ಒತ್ತಾಯವೂ ಇಲ್ಲದೆ ಕವಿ ತಾನೇ ಬೇಕೆಂದು ಆರಿಸಿಕೊಂಡ ಪ್ರಾಸ ಅದು. ಗೋವಿಂದ ಪೈ ಪ್ರಾಸವನ್ನು ತೊರೆದದ್ದರಿಂದ ಕನ್ನಡಕ್ಕೆ ದಕ್ಕಿದ್ದು ಈ ಆಯ್ಕೆಯ ಸ್ವಾತಂತ್ರ್ಯ.

ಶಾಲೆಗಳಲ್ಲಿ ನಾವು ಸಿಂಹ, ಗಜಗಳ ಪಟ್ಟಿಯನ್ನು ಉರು ಹೊಡೆಸಿ ಪ್ರಾಸದ ಪಾಠ ಮುಗಿಸುತ್ತೇವೆ. ಅದಕ್ಕೂ ಮೊದಲು ಮಕ್ಕಳಿಂದ ನಾಲ್ಕು ಗಾದೆ, ಒಂದು ಷಟ್ಪದಿ ಗಟ್ಟಿಯಾಗಿ ಓದಿಸಬೇಕು. ಎರಡನೆಯ ಅಕ್ಷರವನ್ನು ಅವರ ಕಿವಿಯೇ ಹಿಡಿಯುತ್ತದೆ. ಹೆಸರುಗಳನ್ನು ಆಮೇಲೆ ಕಲಿಸಿದರಾಯಿತು.