ಗೊಂದಲದ ಅಂಗಳದಲ್ಲಿ ಇಂಡಿಯನ್ ಓಷನ್

ತುಂತುಣಿ ನುಡಿಯತೊಡಗಿ ಐದು ನಿಮಿಷ ಆಗಿತ್ತೋ ಇಲ್ಲವೋ, ಪಕ್ಕದಲ್ಲಿ ಕೂತಿದ್ದ ಹುಡುಗ ನನ್ನ ಮೊಣಕೈ ತಿವಿದ. "ಸರ್, ಇದು ಅಮಿತ್ ಕಿಲಮ್‌ನ ಗಬ್‌ಗುಬಿ ಇದ್ದಂಗದ ಅಲ್ಲ?"

ಔರಾದ್ ತಾಲ್ಲೂಕಿನ ಒಂದು ಹಳ್ಳಿ. ಮನೆಯಲ್ಲಿ ಮದುವೆಯಾದರೆ ತುಳಜಾಪುರದ ಭವಾನಿಯ ಹೆಸರಲ್ಲಿ ಗೊಂದಲ ಹಾಕಿಸಲೇಬೇಕಾದ ಮನೆತನ ಅದು. ಅಂಗಳದಲ್ಲಿ ಐದು ಜೋಳದ ದಂಟು ನಿಲ್ಲಿಸಿ ತುದಿ ಕೂಡಿಸಿ ಕಟ್ಟಿದ್ದರು, ಕೆಳಗೆ ಅಕ್ಕಿ ಹರವಿದ ಚೌಕ, ನಡುವೆ ಕಲಶ. ಗೊಂದಲಿಗರು ನಾಲ್ವರು. ಕವಡೆ ಸರ ಹಾಕಿಕೊಂಡು ಕಥೆ ನಡೆಸುವ ಮುಂದಾಳು, ಸಂಬಾಳ ಬಾರಿಸುವವನು, ತುಂತುಣಿಯ ಮುದುಕ, ದೀವಟಿಗೆ ಹಿಡಿದ ಹದಿನಾಲ್ಕರ ಪೋರ. ಮೊದಲ ಅರ್ಧ ತಾಸು ಬರೀ ಕರೆಯೋಲೆ. ತುಳಜಾಪುರದವಳು ಬರಲಿ, ಮಾಹೂರಿನವಳು ಬರಲಿ, ಕೊಲ್ಹಾಪುರದವಳು ಬರಲಿ ಎಂದು ಊರೂರಿನ ದೇವರನ್ನು ಗೊಂದಲಕ್ಕೆ ಕರೆಯುತ್ತಾರೆ. ಮರಾಠಿಯಲ್ಲಿ ಶುರುವಾದದ್ದು ಯಾವ ಗಳಿಗೆಯಲ್ಲಿ ಕನ್ನಡಕ್ಕೆ ಹೊರಳಿತೋ ಅಂಗಳದಲ್ಲಿದ್ದ ಯಾರೂ ಗಮನಿಸಲಿಲ್ಲ. ಬೀದರ್ ಸೀಮೆಯಲ್ಲಿ ಅದನ್ನು ಗಮನಿಸುವವರೂ ಇಲ್ಲ.

ಹುಡುಗ ಹೇಳಿದ ಹೆಸರು ಮಾತ್ರ ನನ್ನನ್ನು ಅಲ್ಲಿಂದ ಎಬ್ಬಿಸಿ ದಿಲ್ಲಿಯ ಕರೋಲ್ ಬಾಗ್‌ಗೆ ಒಯ್ದುಬಿಟ್ಟಿತು. ಅಮಿತ್ ಕಿಲಮ್ ಡ್ರಮ್ಸ್ ನುಡಿಸುವ, ಅಲ್ಲಿನ ಹಳೆಯ ಮನೆಯೊಂದರಲ್ಲಿ ಹಾಡು ಕಟ್ಟುತ್ತಿದ್ದ ಇಂಡಿಯನ್ ಓಷನ್ ನನ್ನ ಹರೆಯದ ಬ್ಯಾಂಡು. ಹೈದರಾಬಾದಿನಲ್ಲಿ ಇಂಜಿನಿಯರ್ ಆಗಿರುವ ಈ ಔರಾದಿನ ಹುಡುಗನಿಗೂ ಅದೇ ಬ್ಯಾಂಡು. ಅವನಿಗೂ ನನಗೂ ನಡುವೆ ಇಪ್ಪತ್ತು ವರ್ಷದ ಅಂತರವಿದೆ. ಇಬ್ಬರೂ ಒಂದೇ ಬ್ಯಾಂಡಿನ ಮಾತಾಡುತ್ತಿದ್ದೇವೆಯೇ ಎಂಬುದೇ ಆ ರಾತ್ರಿಯಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ.

ಮೊದಲು ವಾದ್ಯದ ವಿಷಯ ಹೇಳಿಬಿಡುತ್ತೇನೆ, ಅದನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಿಲ್ಲ. ತುಂತುಣಿಯೆಂದರೆ ಒಂದು ಕೊಳಗ, ತಳಕ್ಕೆ ಚರ್ಮ. ಚರ್ಮದ ನಡುವಿನಿಂದ ಹೊರಟ ತಂತಿ ಕೊಳಗದೊಳಗಿಂದ ಮೇಲೆ ಬಂದು, ಪಕ್ಕಕ್ಕೆ ಬಿಗಿದ ಬಿದಿರು ಕೋಲಿನ ತುದಿಯ ಬಿರಡೆಗೆ ಸುತ್ತಿಕೊಳ್ಳುತ್ತದೆ. ಬಿರಡೆ ತಿರುವಿ ಶ್ರುತಿ ಕೂಡಿಸಿದರೆ ಮುಗಿಯಿತು, ರಾತ್ರಿಯಿಡೀ ಅದೇ ಸ್ವರ. ಸವದತ್ತಿ ಎಲ್ಲಮ್ಮನ ಜೋಗತಿಯರು ಹಿಡಿಯುವ ಚೌಡಿಕೆ ಇದರ ಅಕ್ಕ. ಬಂಗಾಳದ ಬಾವುಲರು ಖಮಕ್ ಎನ್ನುವ, ನಮ್ಮ ಅಮಿತ್ ಕಿಲಮ್ ಗಬ್‌ಗುಬಿ ಎಂದು ನುಡಿಸುವ ವಾದ್ಯವೂ ಇದೇ ಬಳಗದ್ದು. ಆದರೆ ಅದಕ್ಕೆ ಕೋಲಿಲ್ಲ. ಕೊಳಗವನ್ನು ಕಂಕುಳಲ್ಲಿ ಅವುಚಿ, ತಂತಿಯ ಇನ್ನೊಂದು ತುದಿಯ ಗುಬಟನ್ನು ಎಡಗೈಯಲ್ಲಿ ಹಿಡಿದು ಎಳೆಯುತ್ತಾರೆ, ಸಡಿಲಿಸುತ್ತಾರೆ. ಬಲಗೈ ಮೀಟುತ್ತದೆ. ಹಾಗಾಗಿ ಸ್ವರ ಒಂದೆಡೆ ನಿಲ್ಲದೆ 'ಗುಂವ್' ಎಂದು ಜಾರುತ್ತದೆ, ಮತ್ತೆ ಏರುತ್ತದೆ. ಒಂದು ಬಿದಿರು ಕೋಲು ಇದ್ದರೆ ಗೊಂದಲ, ಇಲ್ಲದಿದ್ದರೆ ಬಾವುಲ. ಮುದುಕನ ತುಂತುಣಿಯ ಕೊಳಗ ಮರದ್ದಲ್ಲ, ಎಣ್ಣೆಯ ತಗಡಿನ ಡಬ್ಬಿ. ತಂತಿ ಸೈಕಲ್ ಬ್ರೇಕಿನದು, ಹೊಸೆದ ಎಳೆಗಳಲ್ಲಿ ಒಂದನ್ನೇ ಬಿಡಿಸಿ ಕಟ್ಟಿದ್ದ. ಮೀಟುವ ಬೆರಳಿಗೆ ಬಟ್ಟೆಯ ಚೂರು ಸುತ್ತಿಕೊಂಡಿದ್ದ.

ಮರುದಿನ ಆ ಹುಡುಗನ ಸೋದರಮಾವನನ್ನು ಕಾಣಲು ಭಾಲ್ಕಿಗೆ ಹೋದೆ. ಅವರು ಬೀಜ-ಗೊಬ್ಬರದ ವ್ಯಾಪಾರಸ್ಥರು. ಅಂಗಡಿಯ ಹಿಂದಿನ ಕೋಣೆಯಲ್ಲಿ ತೊಗರಿ ಬೀಜದ ಚೀಲಗಳ ಮೇಲಿನ ಹಲಗೆಯಲ್ಲಿ ಕ್ಯಾಸೆಟ್ಟುಗಳ ಸಾಲು. ಅದರೊಳಗಿಂದ ಅವರು ತೆಗೆದದ್ದು 2000ದ 'ಕಂದೀಸಾ'. ಹೊದಿಕೆಯ ಕಾಗದ ಮಡಿಕೆಯಲ್ಲಿ ಹರಿದು ಸೆಲ್ಲೋಟೇಪು ಕಂಡಿತ್ತು, ಅದೂ ಹಳದಿಗಟ್ಟಿತ್ತು. ಹೈದರಾಬಾದಿನಲ್ಲಿ ಓದುವಾಗ ಊಟದ ರೊಕ್ಕ ಉಳಿಸಿ ಕೊಂಡದ್ದಂತೆ. ಏಳೇ ಹಾಡು. 'ಮಾ ರೇವಾ' ನರ್ಮದೆಯ ಕಣಿವೆಯ ಜನ ಹಾಡುವ ಪದ, ನರ್ಮದಾ ಬಚಾವೋ ಆಂದೋಲನದಲ್ಲಿ ದುಡಿದ ರಾಹುಲ್ ರಾಮ್ ಜೊತೆ ಬ್ಯಾಂಡಿನೊಳಗೆ ಬಂದದ್ದು. 'ಕಂದೀಸಾ' ಕೇರಳದ ಸಿರಿಯನ್ ಕ್ರೈಸ್ತರ ಪ್ರಾರ್ಥನೆ. ಹೀಗೆ ಯಾವುದೋ ಗುಡಿ, ಯಾವುದೋ ಚರ್ಚು, ಯಾವುದೋ ನದಿಯ ದಂಡೆಯಿಂದ ಪದ ತಂದು ಗಿಟಾರಿಗೆ ಕೂಡಿಸಿದ ಬ್ಯಾಂಡು ಗೊಂದಲದ ನಾಡಿನವರಿಗೆ ಹಿಡಿಸಿದ್ದು ನನಗೆ ಆಶ್ಚರ್ಯ ಅನ್ನಿಸುವುದಿಲ್ಲ.

"2009ರ ಡಿಸೆಂಬರ್ 25ಕ್ಕ ನನ್ನ ಪಾಲಿಗೆ ಬ್ಯಾಂಡ್ ಮುಗೀತ್ರಿ," ಅಂದರು ಮಾವ. ಅದು ಅಶೀಮ್ ಚಕ್ರವರ್ತಿ ತೀರಿಕೊಂಡ ದಿನ. ಅಕ್ಟೋಬರಿನಲ್ಲಿ ದೋಹಾದಲ್ಲಿ ಹೃದಯಾಘಾತವಾಗಿ, ಚೇತರಿಸಿಕೊಳ್ಳುತ್ತಿದ್ದಾರೆ ಅನ್ನುವಷ್ಟರಲ್ಲಿ ಹೋಗಿಬಿಟ್ಟರು. ವೇದಿಕೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಒಂದೇ ಹೊತ್ತಿಗೆ ತಬಲಾ ನುಡಿಸುತ್ತ ಹಾಡುವ ಆ ಮನುಷ್ಯನ ದನಿಯಲ್ಲಿ ಮಣ್ಣಿನ ತೂಕವಿತ್ತು. ಇಲ್ಲಿ ನಾನು ತಟಸ್ಥನಲ್ಲ. ಆ ದನಿ ಕೇಳಿದರೆ ಇಂದಿಗೂ ಮಾಡುವ ಕೆಲಸ ನಿಲ್ಲಿಸುತ್ತೇನೆ.

ಆದರೆ ಮಾವನಂಥವರು ಹಂಬಲಿಸುವ 'ಮೊದಲಿನ ಬ್ಯಾಂಡ್' ಅಂದರೆ ಯಾವುದು? ಅಭಿಮಾನಿಗಳ ಜಗಳದಲ್ಲಿ ಈ ಲೆಕ್ಕ ಯಾರೂ ಸರಿಯಾಗಿ ಇಡುವುದಿಲ್ಲ. ಸುಸ್ಮಿತ್ ಸೇನ್, ಅಶೀಮ್ ಇಬ್ಬರೂ ಸೇರಿ 1990ರಲ್ಲಿ ದಿಲ್ಲಿಯಲ್ಲಿ ಕಟ್ಟಿದ್ದು ಇಂಡಿಯನ್ ಓಷನ್. ರಾಹುಲ್ ರಾಮ್ ಬಾಸ್ ಗಿಟಾರ್ ಹಿಡಿದು ಬಂದದ್ದು 1991ರಲ್ಲಿ. 1993ರ ಮೊದಲ ಆಲ್ಬಮ್ಮಿನಲ್ಲಿ ಡ್ರಮ್ಸ್ ಶಾಲೀನ್ ಶರ್ಮಾ ಅವರದು. ಅವರು ಬಿಟ್ಟ ಮೇಲೆ 1994ರಲ್ಲಿ ಅಮಿತ್ ಕಿಲಮ್ ಸೇರಿದರು. ನಾವೆಲ್ಲ 'ಒರಿಜಿನಲ್' ಎಂದು ಎದೆಗೆ ಒತ್ತಿಕೊಳ್ಳುವ ನಾಲ್ವರು ಅಸಲಿಗೆ ಬದಲಾದ ಲೈನಪ್ಪೇ. ಕಟ್ಟಿದವರಿದ್ದರೆ ಮಾತ್ರ ಬ್ಯಾಂಡು ಅನ್ನುವುದಾದರೆ, 2013ರಲ್ಲಿ ಸುಸ್ಮಿತ್ ಹೊರಬಿದ್ದ ದಿನವೇ ಕಟ್ಟಿದ ಇಬ್ಬರೂ ಅದರಲ್ಲಿ ಇಲ್ಲದಂತಾಯಿತು. ಅಶೀಮ್ ಜಾಗಕ್ಕೆ ತುಹಿನ್ ಚಕ್ರವರ್ತಿ, ಹಿಮಾಂಶು ಜೋಶಿ, ಸುಸ್ಮಿತ್ ಜಾಗಕ್ಕೆ ನಿಖಿಲ್ ರಾವ್ ಬಂದರು. ಈ ಐವರ ಜೊತೆಯೂ 10 ವರ್ಷ ದಾಟಿದೆ. ನಾಲ್ವರ ಆ ಹೆಸರಾದ ಕಾಲ ಒಟ್ಟು 15 ವರ್ಷ.

ರಾಹುಲ್ ರಾಮ್ ಬಗ್ಗೆ ಒಂದು ಮಾತು, ಕನ್ನಡಿಗರು ಇದನ್ನು ಹೇಳಿಕೊಳ್ಳುವುದು ಕಡಿಮೆ. ಅವರ ತಂದೆ ಸಸ್ಯವಿಜ್ಞಾನಿ ಎಚ್.ವೈ. ಮೋಹನ ರಾಮ್. ದೊಡ್ಡಪ್ಪ ಇಂದಿರಾ ಗಾಂಧಿಯವರ ಮಾಧ್ಯಮ ಸಲಹೆಗಾರರಾಗಿದ್ದ ಎಚ್.ವೈ. ಶಾರದಾ ಪ್ರಸಾದ್. ಅಜ್ಜ ಹೊಳೆನರಸೀಪುರದ ಯೋಗಾನರಸಿಂಹಂ, ಕರ್ನಾಟಕ ಸಂಗೀತದ ವಾಗ್ಗೇಯಕಾರರು. ಭಾಲ್ಕಿಯ ಮಾವನಿಗೆ ಇದನ್ನು ಹೇಳಿದಾಗ ಅವರು ಕ್ಯಾಸೆಟ್ಟನ್ನು ತಿರುವಿ ಹಿಂಬದಿಯ ಹೆಸರುಗಳನ್ನು ಮತ್ತೊಮ್ಮೆ ಓದಿದರು. "ಅಂದ್ರ ನಮ್ಮವನೇ ಅನ್ರಿ!" ಮುಖದಲ್ಲಿ ಬೆಳಕು. ಆಮೇಲೆ, "ಆದ್ರೂ ಅಶೀಮ್ ಅಶೀಮೇ."

ಸಂಜೆ ಹುಡುಗನನ್ನೂ ಕರೆದುಕೊಂಡು ಮೂವರೂ ಬೀದರಿಗೆ ಬಂದೆವು. ಚೌಬಾರಾದ ಹತ್ತಿರ ಚಹಾದಂಗಡಿ. ಮಾವನ ಗೆಳತಿಯೊಬ್ಬರು ಬಂದು ಸೇರಿದರು, ಕಾಲೇಜಿನಲ್ಲಿ ಪಾಠ ಹೇಳುವವರು, ಸಿತಾರ್ ಕಲಿತವರು. ಜಗಳ ಕಾವೇರಿತು.

"ಮಾಮಾ, ನೀ ಟೇಪಿನ್ಯಾಗ ಕೇಳ್ದಿ. ನಾ ಎದುರಿಗಿ ನಿಂತು ನೋಡ್ಯಾನ," ಎಂದ ಹುಡುಗ. "ನಿಖಿಲ್ ರಾವ್ ಗಿಟಾರ್ ನುಡ್ಸಿದ್ರ ಮೈ ಝುಮ್ ಅಂತದ. ನನಗ ಇದೇ ಇಂಡಿಯನ್ ಓಷನ್."

"ನುಡ್ಸ್ತಾನಪ್ಪ, ಇಲ್ಲ ಅನ್ನಲ್ಲ. ಸುಸ್ಮಿತ್ ನುಡಿಸಿದ್ರ ಗಿಟಾರ್ ಅಂತ ಮರ್ತೇ ಹೋಗ್ತಿತ್ತು."

ಸುಸ್ಮಿತ್ ಗಿಟಾರಿನಲ್ಲಿ ರಾಗದ ಜಾಡು ಹಿಡಿದು, ಒಂದು ಸಣ್ಣ ಮೆಟ್ಟನ್ನೇ ಸುತ್ತಿ ಸುತ್ತಿ ಬೆಳೆಸುವವರು. ನಿಖಿಲ್ ರಾಕ್ ಗಿಟಾರಿನ ಭಾಷೆ ಬಲ್ಲವರು. ಇಬ್ಬರಲ್ಲಿ ಯಾರು ಮೇಲು ಎಂಬುದರಲ್ಲಿ ಅರ್ಧ ಗಂಟೆ ಹೋಯಿತು. ಪಿಂಕ್ ಫ್ಲಾಯ್ಡ್ ಬಂತು, 1985ರಲ್ಲಿ ರೋಜರ್ ವಾಟರ್ಸ್ ಬಿಟ್ಟ ಮೇಲೂ ಆ ಹೆಸರು ನಡೆದದ್ದು ನ್ಯಾಯವೋ ಅನ್ಯಾಯವೋ ಎಂದಾಯಿತು. ರಘು ದೀಕ್ಷಿತರ ಮಾತೂ ಬಂತು. 'ಅಂತರಾಗ್ನಿ' ಒಡೆದ ಮೇಲೆ ಅವರು ತಂಡಕ್ಕೆ 'ಪ್ರಾಜೆಕ್ಟ್' ಎಂದು ಹೆಸರಿಟ್ಟದ್ದೇ ಜಾಣತನ, ನುಡಿಸುವವರು ಬರಬಹುದು ಹೋಗಬಹುದು ಎಂದು ಮೊದಲೇ ಹೇಳಿದಂತಾಯಿತಲ್ಲ, ಎಂದ ಹುಡುಗ. 2008ರ ಆ ಮೊದಲ ಆಲ್ಬಮ್ಮಿನ ಬಿಸಿ ಆಮೇಲೆ ಬರಲಿಲ್ಲ ಎಂದರು ಮಾವ. ನಾನು ಅದಕ್ಕೆ ತಲೆಯಾಡಿಸಿದೆ.

ಇಷ್ಟೂ ಹೊತ್ತು ಸುಮ್ಮನಿದ್ದ ಮೇಡಂ ಆಗ ಬಾಯಿ ತೆರೆದರು. "ನೀವು ಇಬ್ಬರೂ ಮಂದಿ ಎಣಿಸ್ಲತೀರಿ. ಮಂದಿ ಹೋದ್ರಂತ ಸತ್ವ ಹೋಗಿಲ್ಲರಿ. ಹಾಡು ಕಟ್ಟೋ ರೀತಿ ಹೋಯ್ತು."

ಅವರ ವಾದ ಇಷ್ಟು. ಕರೋಲ್ ಬಾಗ್‌ನ 16/330 ಖಜೂರ್ ರೋಡ್ ಎಂಬ ಹಳೆಯ ಬಂಗಲೆಯಲ್ಲಿ ನಾಲ್ವರು ಕೂತು ತಿಂಗಳುಗಟ್ಟಲೆ ನುಡಿಸಿ, ಕೆಡವಿ, ಮತ್ತೆ ನುಡಿಸಿ ಒಂದೊಂದು ಹಾಡು ಕಟ್ಟುತ್ತಿದ್ದರು. ಜೈದೀಪ್ ವರ್ಮಾ ಅವರ 'ಲೀವಿಂಗ್ ಹೋಮ್' ಸಾಕ್ಷ್ಯಚಿತ್ರ ನೋಡಿದವರಿಗೆ ಆ ಮನೆ ಗೊತ್ತು. ಅಶೀಮ್ ದನಿಯಿರುವ ಕೊನೆಯ ಆಲ್ಬಮ್ಮಿಗೆ ಮನೆಯ ವಿಳಾಸವನ್ನೇ ಹೆಸರಿಟ್ಟು, 2010ರಿಂದ ತಿಂಗಳಿಗೊಂದು ಹಾಡಿನಂತೆ ಪುಕ್ಕಟೆ ಹಂಚಿದರು. 2014ರಲ್ಲಿ 'ತಂದಾನು' ಬಂತು. ಹೆಸರು ಕೇಳಿದರೆ ನಮ್ಮ ಕೋಲಾಟದ ಸೊಲ್ಲು ನೆನಪಾಗುತ್ತದೆ. ಅದರಲ್ಲಿ ಶುಭಾ ಮುದ್ಗಲ್, ಶಂಕರ್ ಮಹಾದೇವನ್, ವಿಶ್ವಮೋಹನ ಭಟ್ ಹೀಗೆ ದೊಡ್ಡ ದೊಡ್ಡ ಅತಿಥಿಗಳು. "ಬೀಗರು ಬಂದಾಗ ಮಾಡಿದ ಅಡುಗೆ ಅದು," ಎಂದರು ಮೇಡಂ. "ಹೋಳಿಗಿ, ತುಪ್ಪ, ಎಲ್ಲಾ ಅದಾ. ದಿನದ ರೊಟ್ಟಿ-ಪಲ್ಯದ ರುಚಿ ಎಲ್ಲಿ ಅದಾ?" ಅಲ್ಲಿಂದ ಮುಂದಿನ ಆಲ್ಬಮ್ 'ತೂ ಹೈ' ಬರಲು 2023 ಆಗಬೇಕಾಯಿತು.

ಮಾವನೂ ಅಳಿಯನೂ ಒಮ್ಮೆಲೇ ಬಾಯಿ ಹಾಕಿದರು, ಮೊದಲ ಸಲ ಒಂದೇ ಪಕ್ಷದಲ್ಲಿ. ನಾನು ಮೇಡಂ ಕಡೆ. ಬ್ಯಾಂಡು ಸೊರಗಿದೆ ಅನ್ನುವುದಾದರೆ ಅದರ ಕಾರಣ ಯಾರೋ ಹೋದದ್ದಲ್ಲ, ಒಂದು ಹಾಡಿನ ಮೇಲೆ ತಿಂಗಳುಗಟ್ಟಲೆ ಕಾವು ಕೂರುವ ಆ ಪುರುಸೊತ್ತು ಹೋದದ್ದು. ನಿಖಿಲ್‌ಗೂ ಹಿಮಾಂಶುಗೂ ಅಂಥದೊಂದು ಮನೆ, ಅಷ್ಟು ದಿನ ಸಿಕ್ಕಿದ್ದರೆ ಇನ್ನೊಂದು 'ಕಂದೀಸಾ' ಆಗುತ್ತಿತ್ತೆಂದೇ ನಂಬುತ್ತೇನೆ. ಹಾಗೆಯೇ ವೇದಿಕೆಯ ಮೇಲೆ ಅವರು 'ಮಾ ರೇವಾ' ಎತ್ತಿಕೊಂಡರೆ ಯಾವ ಕುಂದೂ ನನಗೆ ಕೇಳಿಸುವುದಿಲ್ಲ. ಆ ಪದ ಅಶೀಮ್‌ಗಿಂತ ಮೊದಲೂ ನರ್ಮದೆಯ ದಂಡೆಯಲ್ಲಿ ಇತ್ತು.

ಎರಡು ದಿನ ಬಿಟ್ಟು ಮತ್ತೆ ಔರಾದ್ ಹಾದಿ ಹಿಡಿದೆ. ಮೊಬೈಲಿನಲ್ಲಿ ಗಬ್‌ಗುಬಿಯ ವಿಡಿಯೊ ಇತ್ತು, ತುಂತುಣಿಯ ಮುದುಕನಿಗೆ ತೋರಿಸದೆ ಇರಲಾಗಲಿಲ್ಲ. ಕಾಕಾ ಬೇವಿನ ಮರದಡಿ ಸಂಬಾಳದ ಚರ್ಮ ಬಿಸಿಲಿಗಿಟ್ಟು ಕೂತಿದ್ದರು. ಮದುವೆಮನೆಯಲ್ಲಿ ಕೆಲವರು 'ಮೊದಲಿನ ಗೊಂದಲ ಅಲ್ಲ ಇದು' ಎಂದು ಗೊಣಗಿದ್ದು ನನ್ನ ಕಿವಿಗೂ ಬಿದ್ದಿತ್ತು, ಅದನ್ನೇ ಕೇಳಿದೆ. ಅವರಿಗೆ ಬೇಜಾರಾಗಲಿಲ್ಲ. ಸಂಬಾಳ ಅಣ್ಣನದಾಗಿತ್ತಂತೆ. ಅಣ್ಣ ತೀರಿದ, ಅವನ ಮಗ ಹೈದರಾಬಾದಿನಲ್ಲಿ ಆಟೊ ಹೊಡೆಯುತ್ತಾನೆ. ಈಗ ಬಾರಿಸುವವನನ್ನು ಉದಗೀರ್ ಕಡೆಯಿಂದ ಕರೆಸುತ್ತಾರೆ. ಅವನ ಪೆಟ್ಟು ಬೇರೆ, ನಡೆ ಬೇರೆ.

"ಅವನ ಕೈ ನಮ್ಮಣ್ಣನ ಕೈ ಅಲ್ಲ, ಖರೆ ಅದಾ. ಆದ್ರ ಆ ಮನಿ ನಮ್ಮ ಪಾಲಿಗಿ ಬಂದದ್ದು. ನಮ್ಮ ಅಜ್ಜನ ಕಾಲದಾಗಿಂದ ಆ ಮನಿಗಿ ನಾವೇ ಹೋಗ್ಬೇಕು. ಬ್ಯಾರೆದವರು ಚಂದ ಹಾಡಿದ್ರೂ ಅವರು ಕರ್ಯಾಂಗಿಲ್ಲ."

ಯಾವ ಮನೆ ಯಾರ ಪಾಲು ಎಂಬುದು ಹಂಚಿಕೆಯಾಗಿ ಬಂದಿರುತ್ತದೆ, ಹೊಲ ಹಂಚಿದ ಹಾಗೆ. ಹೀಗಾಗಿ ಇಲ್ಲಿ ಮೇಳದ ಹೆಸರು ಉಳಿದಿರುವುದು ಹಾಡುವವರ ಕಡೆಯಿಂದಲ್ಲ, ಕರೆಯುವವರ ಕಡೆಯಿಂದ. ಮನೆಯವರು ಗೊಣಗುತ್ತಾರೆ, ಮುಂದಿನ ಮದುವೆಗೆ ಮತ್ತೆ ಅವರನ್ನೇ ಕರೆಯುತ್ತಾರೆ. ಭಾಲ್ಕಿಯ ಮಾವ ಹಳದಿಗಟ್ಟಿದ ಕ್ಯಾಸೆಟ್ಟನ್ನು ಎಸೆಯದೆ ಇಟ್ಟುಕೊಂಡು ಬೈಯುವುದು ನೆನಪಾಯಿತು.

ವಿಡಿಯೊವನ್ನು ಕಾಕಾ ಮೂರು ಸಲ ನೋಡಿದರು. ಮೂರನೆಯ ಸಲ ಕಣ್ಣು ಪರದೆಯ ಮೇಲಿನ ಎಡಗೈಯನ್ನೇ ಹಿಡಿದಿತ್ತು. ಮಾತಿಲ್ಲದೆ ಒಳಗೆ ಹೋಗಿ ತುಂತುಣಿ ತಂದರು, ಬಿರಡೆಯಿಂದ ತಂತಿ ಬಿಡಿಸಿ ಒಂದು ಮರದ ತುಂಡಿಗೆ ಸುತ್ತಿದರು, ತಗಡಿನ ಡಬ್ಬಿಯನ್ನು ಕಂಕುಳಲ್ಲಿ ಒತ್ತಿ ಹಿಡಿದು ಎಳೆದು ಮೀಟಿದರು. ಮೊದಲು ಬರೀ ಕರಕರ. ಇನ್ನಷ್ಟು ಎಳೆದರು. 'ಗುಂವ್' ಎಂದು ಸ್ವರ ಏರಿತು, ಕೈ ಸಡಿಲಿಸಿದಾಗ ಜಾರಿ ಇಳಿಯಿತು. ಬಾಗಿಲಲ್ಲಿ ನಿಂತಿದ್ದ ದೀವಟಿಗೆಯ ಪೋರ ಕಿಸಕ್ಕನೆ ನಕ್ಕ.

"ಚಂದ ಅದಾ," ಅಂದರು ಕಾಕಾ, ಇನ್ನೊಮ್ಮೆ ಎಳೆದು. ಆಮೇಲೆ ತಂತಿಯನ್ನು ಹುಷಾರಾಗಿ ಬಿದಿರು ಕೋಲಿಗೆ ಸುತ್ತಿ ಮೊದಲಿನಂತೆ ಕಟ್ಟಿದರು. ಶುಕ್ರವಾರ ಸಂತಪುರದ ಹತ್ತಿರ ಇನ್ನೊಂದು ಮನೆಯ ಗೊಂದಲವಿತ್ತು.