ಜ್ವರದ ಜೊತೆ ಬಂದು ಜ್ವರದ ಜೊತೆ ಹೋಗುವ ಪ್ರೋಟೀನ್

1930. ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆ. ಪೆನಿಸಿಲಿನ್ ಇನ್ನೂ ಆಸ್ಪತ್ರೆಯ ಬಾಗಿಲಿಗೆ ಬಂದಿರದ ಕಾಲ. ನ್ಯುಮೋನಿಯ ಎಂದರೆ ಜೀವಕ್ಕೇ ಕುತ್ತು. ವಿಲಿಯಂ ಟಿಲೆಟ್, ಥಾಮಸ್ ಫ್ರಾನ್ಸಿಸ್ ಎಂಬಿಬ್ಬರು ಸಂಶೋಧಕರು ನ್ಯುಮೋಕಾಕಸ್ ಬ್ಯಾಕ್ಟೀರಿಯದಿಂದ ತೆಗೆದ ‘ಸಿ’ ಎಂಬ ಸಕ್ಕರೆ ಜಾತಿಯ ಅಂಶವನ್ನು ರೋಗಿಗಳ ಸೀರಮ್‌ಗೆ ಬೆರೆಸಿದರು. ತಿಳಿಯಾಗಿದ್ದ ದ್ರವ ಕದಡಿ ಗಷ್ಟು ಕಟ್ಟಿತು!

ಪ್ರತಿಕಾಯಗಳ ಕೆಲಸ ಇರಬೇಕು ಎನ್ನೋಣವೇ? ಪ್ರತಿಕಾಯ ತಯಾರಾಗಲು ದಿನಗಟ್ಟಲೆ ಬೇಕು. ಕಾಯಿಲೆ ವಾಸಿಯಾದ ಮೇಲೂ ಅದು ಉಳಿಯುತ್ತದೆ. ಇದರ ರೀತಿಯೇ ತದ್ವಿರುದ್ಧ! ರೋಗ ಉಲ್ಬಣಿಸಿದಾಗ ಹಾಜರು, ರೋಗಿ ಚೇತರಿಸಿಕೊಂಡರೆ ಮಾಯ. ಇದೇ ಮುಂದೆ ‘ಸಿ-ರಿಯಾಕ್ಟಿವ್ ಪ್ರೋಟೀನ್’, ಅಂದರೆ ಕೊರೊನಾ ಕಾಲದಲ್ಲಿ ನಮ್ಮ ಮನೆಮನೆಯ ಲ್ಯಾಬ್ ವರದಿಯಲ್ಲೂ ಕಂಡ ಸಿಆರ್‌ಪಿ.

ಇನ್ನೂ ಸೋಜಿಗ ಕೇಳಿ. ಇದರ ಬೆನ್ನು ಹತ್ತಿದ ಸಂಶೋಧಕರಾದ ಏವರಿ, ಮೆಕ್ಲಿಯಾಡ್, ಮೆಕಾರ್ಟಿ ಅದೇ ನ್ಯುಮೋಕಾಕಸ್ ಹಿಡಿದೇ 1944ರಲ್ಲಿ ವಂಶವಾಹಿಯ ದ್ರವ್ಯ ಡಿಎನ್‌ಎ ಎಂದು ತೋರಿಸಿಬಿಟ್ಟರು!

ಸೋಂಕು ತಗಲುವುದು ಶ್ವಾಸಕೋಶಕ್ಕೆ, ಎಚ್ಚೆತ್ತುಕೊಳ್ಳುವುದು ಲಿವರ್! ರೋಗನಿರೋಧಕ ಕಣಗಳು ಕಳಿಸುವ ಇಂಟರ್‌ಲ್ಯೂಕಿನ್-6 ಎಂಬ ಓಲೆ ತಲುಪಿದ್ದೇ ತಡ, ಲಿವರ್ ಸಿಆರ್‌ಪಿಯನ್ನು ರಕ್ತಕ್ಕೆ ಸುರಿಯುತ್ತದೆ. ಐದು ತುಣುಕು ಕೂಡಿದ ಉಂಗುರ ಅದು. ರೋಗಾಣುವಿನ ಮೈಗೆ ಅಂಟಿ, ‘ಇದನ್ನು ಮುಗಿಸಿ’ ಎಂದು ಗುರುತು ಹಾಕುತ್ತದೆ. ಆರೋಗ್ಯವಂತರಲ್ಲಿ ಲೀಟರಿಗೆ ಕೆಲವೇ ಮಿಲಿಗ್ರಾಂ ಇರುವ ಇದು ತೀವ್ರ ಸೋಂಕಿನಲ್ಲಿ 300 ದಾಟೀತು. ರಕ್ತದಲ್ಲಿರುವುದರ ಅರ್ಧ ಸುಮಾರು 19 ಗಂಟೆಯಲ್ಲಿ ಕರಗುತ್ತದೆ, ಆರೋಗ್ಯವಂತರಲ್ಲೂ ರೋಗಿಗಳಲ್ಲೂ ಅದೇ ವೇಗ. ಹಾಗಾಗಿ ಮಟ್ಟ ಏರಿದೆಯೆಂದರೆ ಲಿವರ್ ಇನ್ನೂ ಸುರಿಯುತ್ತಿದೆ, ಒಳಗಿನ ಉರಿ ಆರಿಲ್ಲ ಎಂದೇ ಅರ್ಥ!

ಕೋವಿಡ್ ಬಂದಾಗ ಬ್ರಿಟನ್ನಿನ ‘ರಿಕವರಿ’ ಪ್ರಯೋಗ ಈ ಅಂಕಿಯನ್ನೇ ಹಿಡಿಯಿತು. ಆಮ್ಲಜನಕ ಕುಸಿದಿದ್ದ, ಸಿಆರ್‌ಪಿ 75 ಅಥವಾ ಅದಕ್ಕೂ ಹೆಚ್ಚಿದ್ದ 4,116 ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ, ಇಂಟರ್‌ಲ್ಯೂಕಿನ್-6ರ ಓಲೆಯನ್ನೇ ತಡೆಯುವ ಟೊಸಿಲಿಜುಮ್ಯಾಬ್ ಔಷಧ. 28 ದಿನಗಳಲ್ಲಿ ಸತ್ತವರು ಔಷಧ ಸಿಗದವರಲ್ಲಿ ಶೇ. 35, ಸಿಕ್ಕವರಲ್ಲಿ ಶೇ. 31. ನೂರಕ್ಕೆ ನಾಲ್ಕು ಜೀವ!

ಆದರೆ ಯಾವ ರೋಗಾಣು ಎಂದು ಸಿಆರ್‌ಪಿ ಹೇಳದು. ಸಂಧಿವಾತ, ಸುಟ್ಟ ಗಾಯಗಳಲ್ಲೂ ಅದು ಏರುತ್ತದೆ. ವರದಿಯ ಅಂಕಿ ನೋಡಿ ನೀವೇ ಆ್ಯಂಟಿಬಯೋಟಿಕ್ ನುಂಗಬೇಡಿ. ಉಸಿರಾಟದ ವೇಗ, ಆಮ್ಲಜನಕದ ಮಟ್ಟಗಳ ಜೊತೆಗಿಟ್ಟು ಅದನ್ನು ಓದಬಲ್ಲ ವೈದ್ಯರಿಗೆ ತೋರಿಸಿ.