ತಲೆ ತೂಗಿದರೂ ನೋಟ ತೂಗದು

ಗಣೇಶಗುಡಿಯ ಬಳಿ ಕಾಳಿ ನದಿಯ ನೊರೆನೀರಿನಲ್ಲಿ ರಬ್ಬರ್ ದೋಣಿ ಧುಮುಕುವಾಗ ಅದರಲ್ಲಿ ಕುಳಿತವನ ತಲೆ ಮೇಲಕ್ಕೂ ಕೆಳಕ್ಕೂ ಎಗರಾಡುತ್ತದೆ. ಆದರೂ ಎದುರಿನ ಬಂಡೆ ಅವನ ಕಣ್ಣಿಗೆ ಕದಲದೆಯೇ ಕಾಣುವುದು. ಹಳಿಯಾಳದ ಕುಸ್ತಿಯ ಕಣದಲ್ಲಿ ತಲೆಕೆಳಗಾಗಿ ಎತ್ತಿ ಹಿಡಿಯಲ್ಪಟ್ಟ ಪೈಲವಾನನಿಗೆ, ಕಣ್ಣು ಮುಚ್ಚಿದ್ದರೂ, ನೆಲ ಯಾವ ಕಡೆಗಿದೆಯೆಂಬುದು ತಿಳಿದಿರುತ್ತದೆ. ಈ ಎರಡು ಉಪಕಾರಗಳೂ ಒಳಗಿವಿಯವು. ಕಿವಿ ಇರುವುದು ಕೇಳುವುದಕ್ಕೆಂಬುದು ಅರ್ಧ ಸತ್ಯ.

ಒಳಗಿವಿಯ ಮೂರು ಅರೆವೃತ್ತ ನಾಳಗಳಲ್ಲಿಯೂ ಎರಡು ಪುಟ್ಟ ಚೀಲಗಳಲ್ಲಿಯೂ ರೋಮಕೋಶಗಳಿವೆ. ಅವುಗಳ ತುದಿಯನ್ನು ತೋಯಿಸುವ ದ್ರವ ವಿಚಿತ್ರವಾದುದು. ದೇಹದ ಇತರ ಕಡೆಗಳಲ್ಲಿ ಕೋಶಗಳ ಹೊರಗೆ ಸೋಡಿಯಂ ಹೆಚ್ಚು, ಪೊಟ್ಯಾಸಿಯಂ ಅತ್ಯಲ್ಪ. ಇಲ್ಲಿಯಾದರೋ ಎಲ್ಲವೂ ತಿರುಗುಮುರುಗು. ಪೊಟ್ಯಾಸಿಯಂ ರಕ್ತದಲ್ಲಿರುವುದಕ್ಕಿಂತ ಸುಮಾರು 30 ಪಾಲು! ತಲೆ ಅಲುಗಿದೊಡನೆ ರೋಮಗಳು ಬಾಗುತ್ತವೆ, ತುದಿಯ ಬಾಗಿಲುಗಳು ತೆರೆಯುತ್ತವೆ, ಪೊಟ್ಯಾಸಿಯಂ ಒಳನುಗ್ಗುತ್ತದೆ.

ಸಾಮಾನ್ಯವಾಗಿ ಕೋಶವೊಂದು ನರಕ್ಕೆ ಸುದ್ದಿ ಮುಟ್ಟಿಸಬೇಕಾದರೆ ರಾಸಾಯನಿಕ ದ್ರವ್ಯವನ್ನು ಚೆಲ್ಲಬೇಕು. ಅದಕ್ಕೆ ಹೊತ್ತು ಹಿಡಿಯುತ್ತದೆ. ಆದರೆ ಒಂದು ಜಾತಿಯ ರೋಮಕೋಶವನ್ನು ನರದ ತುದಿಯೇ ಬಟ್ಟಲಿನಂತೆ ಅಪ್ಪಿಕೊಂಡಿರುವುದುಂಟು. ಆ ಕೋಶದ ಬದಿಯಲ್ಲಿ ಪೊಟ್ಯಾಸಿಯಂ ಕಾಲುವೆಗಳು ವಿಶ್ರಾಂತಿಯಲ್ಲಿಯೂ ತೆರೆದೇ ಇರುತ್ತವೆ. ಒಳಬಂದ ಪೊಟ್ಯಾಸಿಯಂ ಈ ಕಾಲುವೆಗಳಿಂದ ಬಟ್ಟಲಿನ ಕಿರಿದಾದ ಸಂದಿಗೆ ಹರಿದೊಡನೆ ನರದ ವಿದ್ಯುತ್ತು ಏರುವುದು. ಬಹುಕಾಲ ಒಗಟಾಗಿದ್ದ ಈ ಅಡ್ಡದಾರಿಯನ್ನು ಅಮೆರಿಕದ ರೈಸ್ ವಿಶ್ವವಿದ್ಯಾನಿಲಯದವರು ಶಿಕಾಗೊ ನಗರದ ಸಂಶೋಧಕರೊಡನೆ ಕೂಡಿ 2023ರಲ್ಲಿ ಲೆಕ್ಕಹಾಕಿ ವಿವರಿಸಿದರು. ತಲೆ ತಿರುಗಿದ ಸೆಕೆಂಡಿನ ನೂರನೆಯ ಒಂದು ಭಾಗದೊಳಗೇ ಕಣ್ಣು ಎದುರು ದಿಕ್ಕಿಗೆ ಹೊರಳುವುದಕ್ಕೆ ಇಂಥ ವೇಗ ಒದಗಿಬರುತ್ತದೆ. ದಾಂಡೇಲಿಯ ಕಾಡಿನ ಮಂಗಟ್ಟೆಗೂ ಕಾಳಿಯ ಮೊಸಳೆಗೂ ಈ ಬಟ್ಟಲುಂಟು; ದಂಡೆಯ ಕಪ್ಪೆಗೆ ಇಲ್ಲ.

ಜೋಯಿಡಾದಿಂದ ಅಣಶಿ ಘಟ್ಟವಿಳಿಯುವ ಬಸ್ಸಿನಲ್ಲಿ ಹೊಟ್ಟೆ ತೊಳಸುವುದೂ ಈ ಅಂಗದಿಂದಲೇ. ಕಣ್ಣು ಮುಂದಿನ ಸೀಟನ್ನು ಕಂಡು "ಸ್ಥಿರ" ಎನ್ನುತ್ತದೆ, ಕಿವಿ "ತಿರುವು" ಎನ್ನುತ್ತದೆ. ಅದು ಘಟ್ಟದ ಬುಡದಲ್ಲಿ ತೀರುವ ಕಷ್ಟ.

ತೀರದ ಕಷ್ಟವೊಂದುಂಟು. ಮುಂಡಗೋಡದಲ್ಲಿ 1966ರಲ್ಲಿ ಟಿಬೆಟಿನ ನಿರಾಶ್ರಿತರ ವಸಾಹತು ನೆಲೆಗೊಂಡಿತು. ಭಾರತದ ಇಂಥ ವಸಾಹತುಗಳನ್ನು ಬಹುಕಾಲ ಕಾಡಿದ ರೋಗ ಕ್ಷಯ. ಕ್ಷಯಕ್ಕೆ ಮೊದಲ ರಾಮಬಾಣವೆನಿಸಿ, ವಾಕ್ಸ್‌ಮನ್ನರಿಗೆ 1952ರ ನೊಬೆಲ್ ತಂದ ಸ್ಟ್ರೆಪ್ಟೊಮೈಸಿನ್, ಪೊಟ್ಯಾಸಿಯಂ ನುಗ್ಗುವ ಅದೇ ಬಾಗಿಲಿನಿಂದ ರೋಮಕೋಶವನ್ನು ಹೊಕ್ಕು ಅದನ್ನು ಕೊಲ್ಲಬಲ್ಲುದು. ಅದಕ್ಕೆ ಮೊದಲು ಬಲಿಯಾಗುವುದು ಬಟ್ಟಲಿನೊಳಗಿನ ಕೋಶವೇ. ಮನುಷ್ಯರಲ್ಲಿ ಹೀಗೆ ಸತ್ತ ಕೋಶಗಳ ನಷ್ಟ ತುಂಬಿಬರುವುದಿಲ್ಲ. ಅಂಥವನು ಹಗಲಲ್ಲಿ ಕಣ್ಣಿನ ಆಸರೆಯಿಂದ ಹೇಗೋ ನಡೆದಾನು, ಕತ್ತಲಲ್ಲಿ ತತ್ತರಿಸುತ್ತಾನೆ. ಹೆಜ್ಜೆಯಿಟ್ಟಾಗಲೆಲ್ಲ ಎದುರಿನ ಮನೆ ಕುಣಿಯುತ್ತದೆ.

ಈಗ ಕ್ಷಯಕ್ಕೆ ಮುಖ್ಯವಾಗಿ ಗುಳಿಗೆಗಳೇ ಬಳಕೆಯಲ್ಲಿವೆ. ಆದರೆ ಅದೇ ಕುಲದ ಜೆಂಟಾಮೈಸಿನ್, ಪ್ರಾಣ ಉಳಿಸುವುದರಿಂದ, ಇಂದಿಗೂ ಆಸ್ಪತ್ರೆಗಳಲ್ಲಿದೆ. ಚುಚ್ಚುಮದ್ದಿನ ಅವಧಿಯಲ್ಲಿ ರೋಗಿಯನ್ನು ತಲೆಯಲ್ಲಾಡಿಸುತ್ತ ಗೋಡೆಯ ಅಕ್ಷರಪಟವನ್ನು ಓದೆಂದು ಹೇಳುವುದು ಸುಲಭ ಪರೀಕ್ಷೆ. ತಲೆ ನಿಂತಾಗ ಓದಬಲ್ಲ ಹಲವು ಸಾಲುಗಳು ತಲೆ ಆಡಿದಾಗ ಕಲಸಿಹೋದರೆ, ವೈದ್ಯರು ಔಷಧದ ಪ್ರಮಾಣವನ್ನು ಮತ್ತೊಮ್ಮೆ ನೋಡಬೇಕಾಗುತ್ತದೆ.